ಒಂದೂವರೆ ಅಡಿ ಹಿಮದಲ್ಲೂ ಅವಲಾಂಚ್ (ಬೆಟ್ಟದಿಂದ ಹಿಮ ಜಾರಿ ಬರೋದು) ಆಗುತ್ತಾ? (ಕೊಲರಾಡೋ, ನವೆಂಬರ್ ಮೊದಲ ವಾರ)

ಡೆನ್ವರ್_ಗುಂಡ · ಸೋಮವಾರ ರಾತ್ರಿ
ಎಲ್ರಿಗೂ ನಮಸ್ಕಾರ. ಡೆನ್ವರ್‌ಗೆ ಬಂದು ಐದು ವರ್ಷ ಆಯ್ತು, ಮೂರು ಸೀಸನ್ನಿಂದ ರೆಸಾರ್ಟಲ್ಲಿ ಸ್ಕೀ ಮಾಡ್ತಿದೀನಿ, ಬ್ಲೂ ರನ್ (ಮಧ್ಯಮ ಇಳಿಜಾರು) ಆರಾಮಾಗಿ ಇಳೀತೀನಿ, ಬ್ಲ್ಯಾಕ್ (ಕಷ್ಟದ್ದು) ಅಂದ್ರೆ ಅರ್ಧ ಸ್ಕೀಯಿಂಗ್ ಅರ್ಧ ದೇವರ ನಾಮ. ಈ ಬೇಸಿಗೆ ಸೇಲಲ್ಲಿ ಲಿಫ್ಟ್ ಇಲ್ಲದೆ ಬೆಟ್ಟ ಹತ್ತಿ ಇಳಿಯೋಕೆ ಟೂರಿಂಗ್ ಸ್ಕೀ, ಹತ್ತುವಾಗ ಅದರ ಅಡಿಗೆ ಅಂಟಿಸೋ ಸ್ಕಿನ್ಸು, ಬೂಟು ಎಲ್ಲಾ ತಗೊಂಡೆ, ಗ್ಯಾರೇಜಲ್ಲಿ ನಿಂತು ಅವನ್ನ ನೋಡ್ಕೊಂಡೇ ಎರಡು ತಿಂಗಳು ಕಳೆದಿದೀನಿ.

ಅಕ್ಟೋಬರ್ ಎರಡನೇ ವಾರ ಮೇಲೆ ಒಂದಡಿ ಚಿಲ್ರೆ ಬಿತ್ತು, ಆಮೇಲೆ ಮೂರು ವಾರ ಬರೀ ಬಿಸಿಲು, ರಾತ್ರಿ ಮೈನಸ್ 15ರ ತನಕ ಹೋಗ್ತಿದೆ. ಈಗ ಬುಧವಾರದಿಂದ ಮತ್ತೆ ಏಳೆಂಟು ಇಂಚು ಬೀಳುತ್ತೆ, ಜೋರು ಗಾಳಿನೂ ಇದೆ ಅಂತಿದಾರೆ. ಶನಿವಾರ ಆಫೀಸ್ ಗೆಳೆಯನ ಜೊತೆ ಲವ್‌ಲ್ಯಾಂಡ್ ಪಾಸ್ ಕಡೆ ಹೋಗಿ ಸೀಸನ್‌ನ ಮೊದಲ ಟೂರ್ ಮಾಡೋಣ ಅಂತ ಪ್ಲಾನು. ಅವನ ತಮ್ಮ ಐಸ್ ಕ್ಲೈಂಬರ್, ಹೆಪ್ಪುಗಟ್ಟಿದ ಜಲಪಾತ ಹತ್ತೋನು, ಅವನು ಭಾನುವಾರ ಲಿಂಕನ್ ಫಾಲ್ಸ್‌ಗೆ ಕರೀತಿದಾನೆ, ಅಲ್ಲಿ ಐಸ್ ಬೇಗ ಕಟ್ಟುತ್ತಂತೆ.

ಪ್ರಶ್ನೆ ಇಷ್ಟೇ. ಇನ್ನೂ ಕಲ್ಲೇ ಪೂರ್ತಿ ಮುಚ್ಚಿಲ್ಲ, ಎಷ್ಟೋ ಕಡೆ ಹುಲ್ಲು ಕಾಣ್ತಿದೆ, ಇಷ್ಟು ತೆಳ್ಳಗಿನ ಹಿಮದಲ್ಲಿ ಅವಲಾಂಚ್ ಆಗೋಕೆ ಏನಿದೆ? ಗೆಳೆಯ ‘ಅವಲಾಂಚ್ ಎಲ್ಲಾ ಜನವರಿ ಮೇಲೆ’ ಅಂತಾನೆ. ಮನೆಯವಳು ಮೊದಲು ಗೊತ್ತಿರೋರನ್ನ ಕೇಳಿ ಅಂದ್ಲು, ಅದಕ್ಕೇ ಕೇಳ್ತಿದೀನಿ.

ಪೌಡರ್_ಪ್ರತಾಪ · ಸೋಮವಾರ ರಾತ್ರಿ
ಹೋಗ್ ಬಾ ಗುರು, ತಲೆ ಕೆಡಿಸ್ಕೋಬೇಡ. ನಾನು ಆರು ವರ್ಷದಿಂದ ಪ್ರತಿ ನವೆಂಬರ್ ಅಲ್ಲೇ ಆಸುಪಾಸು ಹೋಗ್ತಿದೀನಿ. ಕಲ್ಲಿಗೆ ಸ್ಕೀ ತಾಗಿ ಬೇಸ್ ಕಿತ್ತೋಗುತ್ತೆ ಅಷ್ಟೇ, ಹಳೇ ಸ್ಕೀ ತಗೊಂಡು ಹೋಗು.

ಸಾಲ್ಟ್‌ಲೇಕ್_ಸುಬ್ಬು · ಸೋಮವಾರ ರಾತ್ರಿ
ಗುಂಡ, ನಿಲ್ಲು ಸ್ವಲ್ಪ. ನೀನು ಬರೆದಿರೋ ಹವಾಮಾನ ಇನ್ನೊಂದ್ ಸಲ ಓದ್ಕೋ. ಅಕ್ಟೋಬರ್ ಹಿಮ, ಮೂರು ವಾರ ಬಿಸಿಲು, ಕೊರೆಯೋ ರಾತ್ರಿ, ಅದರ ಮೇಲೆ ಗಾಳಿ ಜೊತೆ ಹೊಸ ಹಿಮ. ಹಿಟ್ಟು ರುಬ್ಬಿ ಮೂರು ವಾರ ಹುದುಗೋಕೆ ಇಟ್ಟಾಗಿದೆ, ಬುಧವಾರ ಕಾವಲಿ ಕಾಯುತ್ತೆ, ಶನಿವಾರ ನೀನು ಹೋಗಿ ನಿಲ್ತಿದೀಯ.

ಒಂದು ವಿಷ್ಯ ಯೋಚನೆ ಮಾಡು, ಈಗ ಸ್ಕೀ ಮಾಡೋಷ್ಟು ಹಿಮ ಇರೋದು ಎಲ್ಲಿ? ದಕ್ಷಿಣಕ್ಕೆ ಮುಖ ಮಾಡಿರೋ ಇಳಿಜಾರಲ್ಲಿ ಅಕ್ಟೋಬರ್‌ದು ಕರಗಿ ನೆಲ ಒಣಗಿ ಕೂತಿದೆ. ಅಲ್ಲಿ ಹೊಸದು ಬಿದ್ರೆ ನೆಲದ ಮೇಲೇ ಕೂರುತ್ತೆ, ತೊಂದರೆ ಕಡಿಮೆ, ಆದ್ರೆ ಸ್ಕೀಗೆ ಸಾಲಲ್ಲ, ಬರೀ ಕಲ್ಲು. ಹಳೇ ಹಿಮ ಉಳ್ಕೊಂಡಿರೋದು ಉತ್ತರಕ್ಕೆ, ಪೂರ್ವಕ್ಕೆ ಮುಖ ಮಾಡಿರೋ ಎತ್ತರದ ನೆರಳಿನ ಕೊರಕಲುಗಳಲ್ಲಿ. ಪಶ್ಚಿಮದ ಗಾಳಿ ಗುಡ್ಡದ ಆ ಕಡೆಯಿಂದ ಹೊಸ ಹಿಮ ಗುಡಿಸ್ಕೊಂಡು ಬಂದು ಸುರಿಯೋದೂ ಅದೇ ಕೊರಕಲುಗಳಿಗೆ. ಅಂದ್ರೆ ಕೆಳಗೆ ಹಳೇ ಕೊಳೆತ ಹಿಮ, ಮೇಲೆ ಗಾಳಿ ತುಂಬಿದ ಗಟ್ಟಿ ಹಾಸು, ಮತ್ತೆ ನಿನಗೆ ಸ್ಕೀ ಮಾಡೋಕೆ ಆಗೋ ಜಾಗನೂ ಅದೊಂದೇ. ನೀನು ಬೇಡ ಅಂದ್ರೂ ಅಲ್ಲಿಗೇ ಹೋಗ್ತೀಯ ಯಾಕಂದ್ರೆ ಬೇರೆ ಕಡೆ ಹುಲ್ಲಿದೆ! ಜನವರಿಲಿ ಹತ್ತು ಜಾಗ ಇರುತ್ತೆ, ಆರಿಸ್ಕೋಬಹುದು. ನವೆಂಬರಲ್ಲಿ ಆರಿಸೋಕೆ ಏನಿದೆ?

‘ಏಳೆಂಟು ಇಂಚು’ ಅನ್ನೋ ಲೆಕ್ಕನೂ ನಂಬಬೇಡ. ಅದು ಗಾಳಿ ಇಲ್ಲದ ಜಾಗದ ಅಳತೆ. ಗಾಳಿ ಒಂದು ರಾತ್ರಿಲಿ ಕೊರಕಲಿಗೆ ಅದರ ಮೂರು ನಾಲ್ಕು ಪಟ್ಟು ತುಂಬುತ್ತೆ.

ಮಲ್ನಾಡ್_ಮಂಜ · ಮಂಗಳವಾರ
ನಾನು ಇರೋದು ಶಿರಸಿಲಿ, ಹಿಮ ನೋಡಿರೋದು ಫ್ರಿಜ್ ಒಳಗೆ ಮಾತ್ರ. ಕುತೂಹಲಕ್ಕೆ ಕೇಳ್ತೀನಿ, ಇದು 2024ರ ಜುಲೈಲಿ ನಮ್ಮ ಅಂಕೋಲಾ ಹತ್ರ ಶಿರೂರು ಗುಡ್ಡ ಕುಸೀತಲ್ಲ, ಅದೇ ಥರನಾ? ಅಲ್ಲಿ ಮಳೆ ಜಾಸ್ತಿ ಆಗಿ ಕುಸೀತು. ಹಾಗಿದ್ರೆ ಹಿಮ ಕಡಿಮೆ ಇದ್ರೆ ಕುಸಿಯೋದೂ ಕಡಿಮೆ ಆಗ್ಬೇಕಲ್ವಾ?

ಮೈಸೂರ್_ಮೇಷ್ಟ್ರು · ಮಂಗಳವಾರ
ಮಂಜ, ಒಳ್ಳೆ ಪ್ರಶ್ನೆ. ನಾನು 31 ವರ್ಷ ಭೌತಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು, ಮಗಳ ಮನೆಗೆ ಬೋಲ್ಡರ್‌ಗೆ ಬಂದಾಗ ಈ ವಿಷಯ ಓದೋ ಹುಚ್ಚು ಹತ್ತಿತು. ಸ್ಕೀ ಮಾಡಲ್ಲ, ಮೊಣಕಾಲು ಕೇಳಲ್ಲ.

ಗುಡ್ಡ ಕುಸಿತದಲ್ಲಿ ನೀರು ಮಣ್ಣಿನ ಹಿಡಿತ ಬಿಡಿಸುತ್ತೆ. ಈ ಚಳಿ ಹಿಮದಲ್ಲಿ ಕೆಲಸ ಮಾಡೋದು ಉಷ್ಣತೆಯ ವ್ಯತ್ಯಾಸ. ಹಿಮದ ಅಡಿಯಲ್ಲಿ ನೆಲ ಬೇಸಿಗೆಯ ಕಾವು ಹಿಡಿದುಕೊಂಡು ಸುಮಾರು 0 ಡಿಗ್ರಿಯಲ್ಲೇ ಇರುತ್ತೆ. ಮೇಲ್ಮೈ ಮೈನಸ್ 15 ಅಂತಿಟ್ಟುಕೊಳ್ಳಿ. ಹಿಮ 50 ಸೆಂಟಿಮೀಟರ್ ಇದ್ದರೆ ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ ವ್ಯತ್ಯಾಸ ಬಂತು. ಅದೇ ಹಿಮ 2 ಮೀಟರ್ ಇದ್ದರೆ 10 ಸೆಂಟಿಮೀಟರಿಗೆ ಮುಕ್ಕಾಲು ಡಿಗ್ರಿ. ಗಡಿ ಇರೋದು ಹೆಚ್ಚುಕಡಿಮೆ 1 ಡಿಗ್ರಿಯಲ್ಲಿ. ಅದಕ್ಕಿಂತ ಕಡಿಮೆ ಇದ್ದರೆ ಹಿಮದ ಕಾಳುಗಳು ದುಂಡಗಾಗಿ ಒಂದಕ್ಕೊಂದು ಬೆಸೆದುಕೊಳ್ತವೆ, ಹಿಮ ಗಟ್ಟಿಯಾಗುತ್ತೆ. ಹೆಚ್ಚಿದ್ದರೆ ಕೆಳಗಿನ ಬೆಚ್ಚಗಿನ ಕಾಳಿಂದ ಆವಿ ಎದ್ದು ಮೇಲಿನ ತಣ್ಣನೆ ಕಾಳಿಗೆ ಹೋಗಿ ಕೂರುತ್ತೆ, ಬಿಸಿ ಅನ್ನದ ಡಬ್ಬಿ ಮುಚ್ಚಿಟ್ಟರೆ ಮುಚ್ಚಳದ ಒಳಗೆ ಹನಿ ಕಟ್ಟಲ್ವಾ ಹಾಗೆ. ಕಾಳುಗಳು ಮೂಲೆ ಮೂಲೆಯಾಗಿ ದಪ್ಪ ಬೆಳೀತವೆ, ಆದರೆ ಅವುಗಳ ನಡುವಿನ ಬೆಸುಗೆ ಬಿಟ್ಟು ಹೋಗುತ್ತೆ. ಇದಕ್ಕೆ ಅಲ್ಲಿಯವರು ಸಕ್ಕರೆ ಹಿಮ ಅಂತಾರೆ, ಪುಸ್ತಕದಲ್ಲಿ ಡೆಪ್ತ್ ಹೋರ್.

ಹಾಗಾಗಿ ಹಿಮ ತೆಳ್ಳಗಿದ್ದಷ್ಟೂ ದುರ್ಬಲ. ನೀವು ಕೇಳಿದ್ದಕ್ಕೆ ಸರಿಯಾಗಿ ಉಲ್ಟಾ.

ಮಲ್ನಾಡ್_ಮಂಜ · ಮಂಗಳವಾರ
ಸಾರ್ ಅನ್ನದ ಡಬ್ಬಿ ಉದಾಹರಣೆಗೆ ನಮಸ್ಕಾರ. ನಮ್ ಮೇಷ್ಟ್ರು ಹಿಂಗೆ ಹೇಳ್ಕೊಟ್ಟಿದ್ರೆ ನಾನೂ ಸೈನ್ಸ್ ತಗೋತಿದ್ದೆ.

ಸಾಲ್ಟ್‌ಲೇಕ್_ಸುಬ್ಬು · ಮಂಗಳವಾರ
ಮೇಷ್ಟ್ರು ಹೇಳಿದ್ದನ್ನ ನಾನು ಕೈಯಲ್ಲಿ ಹಿಡಿದು ನೋಡಿದೀನಿ, ಅದನ್ನ ಬರೀತೀನಿ.

ಕೆಲವು ವರ್ಷದ ಹಿಂದೆ, ನವೆಂಬರ್ ಮಧ್ಯ, ನಮ್ಮ ಯೂಟಾದ ವಾಸಾಚ್ ಬೆಟ್ಟದಲ್ಲಿ ನಾವು ಮೂರು ಜನ. ಹಳ್ಳದ ಪಕ್ಕ ಹತ್ತಿ ಹೋಗ್ತಿದ್ವಿ, ದಾರಿ ಹೆಚ್ಚುಕಡಿಮೆ ಸಪಾಟು, 15-20 ಡಿಗ್ರಿ ಇರಬಹುದು, ಏನೂ ಭಯ ಇಲ್ಲ. ಸ್ಕೀ ಪೋಲ್ ತಿರುವಿ ಹಿಡಿ ಕಡೆಯಿಂದ ಹಿಮಕ್ಕೆ ಚುಚ್ಚಿದೆ. ಮೇಲೆ ಒಂದು ಗೇಣು ಗಟ್ಟಿ, ಒತ್ತಿ ಒತ್ತಿ ಇಳಿಸಬೇಕು, ಆಮೇಲೆ ಒಮ್ಮೆಲೇ ಸರ್ರನೆ ನೆಲದ ತನಕ ಹೋಯ್ತು, ಒಳಗೆ ಏನೂ ಇಲ್ಲದ ಹಾಗೆ. ಅಗೆದು ಕೈಗೆ ಹಾಕ್ಕೊಂಡ್ರೆ ಥೇಟ್ ಬನ್ಸಿ ರವೆ. ಮುಷ್ಟಿ ಕಟ್ಟಿದ್ರೆ ಉಂಡೆ ಆಗಲ್ಲ, ಬೆರಳ ಸಂದಿಂದ ಸುರಿದು ಹೋಗುತ್ತೆ, ಬಿಸಿಲಿಗೆ ಹಿಡಿದ್ರೆ ಒಂದೊಂದು ಕಾಳೂ ಮಿನುಗುತ್ತೆ. ಇಂಥ ರವೆ ಒಂದು ಅಡಿ ಹರಡಿ, ಅದರ ಮೇಲೆ ಕಡಪಾ ಕಲ್ಲು ಇಟ್ಟು, ಎಲ್ಲಾ ಸೇರಿಸಿ ಓರೆ ಮಾಡು. ನಮ್ಮ ಪರಿಸ್ಥಿತಿ ಅದು.

ನಮ್ಮಲ್ಲಿ ಮುಂದೆ ಇದ್ದವನು ಇನ್ನೊಂದು ಹೆಜ್ಜೆ ಇಟ್ಟ. ‘ವ್ಹೂಂಫ್’ ಅಂತು. ಆ ಸದ್ದು ಬರೆಯೋಕಾಗಲ್ಲ, ದೂರದಲ್ಲಿ ಯಾರೋ ಗೋಡೌನ್ ಶಟರ್ ಬಿಟ್ಟ ಹಾಗೆ, ಆದ್ರೆ ಅದು ಕಾಲ ಕೆಳಗಿಂದ ಬರುತ್ತೆ, ಹೊಟ್ಟೆಗೆ ತಾಗುತ್ತೆ. ಇಡೀ ಹಿಮ ಒಂದು ಇಂಚು ಕೆಳಗೆ ಕೂತಿದ್ದು ಗೊತ್ತಾಯ್ತು. ನಾವು ನಿಂತಿದ್ದ ಕಡೆ ಏನೂ ಆಗ್ಲಿಲ್ಲ. ಒಂದು ಸೆಕೆಂಡ್ ಬಿಟ್ಟು, ನಮ್ಮಿಂದ 40 ಮೀಟರ್ ಆಚೆ, ಹಳ್ಳದ ಆ ಬದಿಯ ದಿಬ್ಬ ಇತ್ತಲ್ಲ, ಅದು ಮೇಲಿಂದ ಗೆರೆ ಎಳೆದ ಹಾಗೆ ಬಿರುಕು ಬಿಟ್ಟು ಪೂರ್ತಿ ಹಳ್ಳಕ್ಕೆ ಇಳೀತು. ನಾವು ಅದನ್ನ ಮುಟ್ಟೇ ಇಲ್ಲ! ಅಡಿಯ ಪದರ ಕುಸಿದಿದ್ದು ಹರಡ್ಕೊಂಡು ಹೋಗಿ ಕಡಿದಾದ ಜಾಗದಲ್ಲಿ ಜಾರಿದೆ.

ದೊಡ್ಡದಾ ಅಂದ್ರೆ ದೊಡ್ಡದಲ್ಲ, 15 ಮೀಟರ್ ಅಗಲ, 20 ಮೀಟರ್ ಉದ್ದ, ಒಂದಡಿ ದಪ್ಪ ಅಷ್ಟೇ. ಮನೆಗೆ ಬಂದು ಲೆಕ್ಕ ಹಾಕಿದೆ, ಘನ ಮೀಟರಿಗೆ 200 ಕೇಜಿ ಅಂದ್ರೂ 18 ಟನ್ ಆಯ್ತು. ಅಷ್ಟೂ ಹಳ್ಳದ ಕಿರಿದು ಜಾಗಕ್ಕೆ ಬಿದ್ದು ನನ್ನ ತಲೆ ಮೇಲೆ ಹೋಗೋಷ್ಟು ಎತ್ತರ ಗುಡ್ಡೆ ಆಗಿತ್ತು. ಐದು ನಿಮಿಷ ಮುಂಚೆ ನಾವು ಆ ಹಳ್ಳದಲ್ಲೇ ನಿಂತು ನೀರು ಕುಡಿದಿದ್ವಿ. ಗುಡ್ಡೆ ನಿಂತಿದ್ದೇ ತಡ ಸಿಮೆಂಟ್ ಥರ ಗಟ್ಟಿ, ನಾನು ಸಲಿಕೆಲಿ ಹೊಡೆದು ನೋಡ್ದೆ, ಠಣ್ ಅಂತು.

ಆವತ್ತು ಇನ್ನೇನೂ ಮಾತಾಡದೆ ಬಂದ ದಾರಿಲೇ ವಾಪಸ್ ಬಂದ್ವಿ. ಕಾರಲ್ಲಿ ಯಾರೂ ಹಾಡು ಹಾಕ್ಲಿಲ್ಲ.

ಪೌಡರ್_ಪ್ರತಾಪ · ಮಂಗಳವಾರ
ಸರಿ ಸುಬ್ಬು ಅಣ್ಣ, ಒಪ್ಕೋತೀನಿ, ಆದ್ರೆ ಅದು ಯೂಟಾ. ನಾನು ಹೋಗೋ ಇಳಿಜಾರು ನನಗೆ ಗೊತ್ತಿರೋದು, ಆರು ವರ್ಷದಲ್ಲಿ ಒಂದ್ ಸಲನೂ ಏನೂ ಆಗಿಲ್ಲ. ಬೆನ್ನಿಗೆ ಹಾಕ್ಕೊಳ್ಳೋ ಏರ್‌ಬ್ಯಾಗ್ ಬೇರೆ ಇದೆ.

ಬೋಜ್‌ಮನ್_ಅಕ್ಕ · ಮಂಗಳವಾರ ರಾತ್ರಿ
ತಮ್ಮಾ ಪ್ರತಾಪ, ಆರು ಸಲ ಹಳಿ ದಾಟಿದಾಗ ಗಾಡಿ ಬರ್ಲಿಲ್ಲ ಅಂದ್ರ ಆ ಹಳಿ ಮ್ಯಾಲೆ ಗಾಡೀನ ಇಲ್ಲ ಅಂತ ಅರ್ಥ ಅಲ್ಲಪಾ. ನೀ ಸರಿ ಮಾಡಿದ್ದಕ್ಕ ಬಚಾವಾದ್ಯೋ ಸುಮ್ನ ಬಚಾವಾದ್ಯೋ, ಅದನ್ನ ಆ ಗುಡ್ಡ ನಿನಗ ಹೇಳೂದಿಲ್ಲ. ಇನ್ನ ಯೂಟಾದಕಿಂತ ನಿಮ್ಮ ಕೊಲರಾಡೋ ಹಿಮಾನ ಕೆಟ್ಟದ್ದು, ಅಲ್ಲಿ ಹಿಮ ತೆಳು, ಚಳಿ ಜಾಸ್ತಿ, ಮೇಷ್ಟ್ರು ಹೇಳಿದ ಸಕ್ಕರಿ ಅಲ್ಲೇ ಹೆಚ್ಚು ಆಗೂದು.

ಏರ್‌ಬ್ಯಾಗ್ ಛೊಲೋನ ಐತಿ, ಇಲ್ಲ ಅನ್ನೂದಿಲ್ಲ. ಅದು ನಿನ್ನ ಹಿಮದ ಮ್ಯಾಲೆ ತೇಲಿಸ್ತದ. ಆದ್ರ ನವೆಂಬರ್‌ನ್ಯಾಗ ಹಿಮದ ಕೆಳಗ ಏನೈತಿ? ಬಂಡಿ, ಮುರುದ ಮರ, ಬೊಡ್ಡಿ. ಅವನ್ನ ಮುಚ್ಚುವಷ್ಟು ಹಿಮ ಇನ್ನೂ ಬಿದ್ದಿಲ್ಲ. ಮುಳುಗೂಕಿಂತ ಮೊದಲ ಬಡಕೊಂಡು ಸಾಯ್ತಾರ. ಚಳಿಗಾಲ ಪೂರ್ತಿ ಹಿಡದ್ರೂ ಅವಲಾಂಚಿನಾಗ ಸಾಯೂ ನಾಕ ಮಂದಿಯೊಳಗ ಸುಮಾರು ಒಬ್ಬರು ಉಸಿರುಗಟ್ಟಿ ಅಲ್ಲ, ಪೆಟ್ಟು ಬಿದ್ದು ಸತ್ತವರು.

ಸಾಲ್ಟ್‌ಲೇಕ್_ಸುಬ್ಬು · ಮಂಗಳವಾರ ರಾತ್ರಿ
ಅಕ್ಕ ಹೇಳಿದ್ದಕ್ಕೆ ಒಂದು ಉದಾಹರಣೆ ನಮ್ಮೂರಿಂದ. ಜೇಮಿ ಪಿಯರ್ ಅಂತ ಒಬ್ಬ ಪ್ರೊಫೆಶನಲ್ ಸ್ಕೀಯರ್ ಇದ್ದ, 2006ರಲ್ಲಿ 255 ಅಡಿ ಬಂಡೆಯಿಂದ ಜಿಗಿದು ಹೆಸರು ಮಾಡಿದವನು. 2011ರ ನವೆಂಬರ್ 13ಕ್ಕೆ ಸ್ನೋಬರ್ಡ್ ರೆಸಾರ್ಟಲ್ಲೇ ಅವಲಾಂಚಲ್ಲಿ ಹೋದ. ರೆಸಾರ್ಟ್ ಆ ಸೀಸನ್‌ಗೆ ಇನ್ನೂ ತೆರೆದೇ ಇರಲಿಲ್ಲ. ಹಿಮ ಅವನನ್ನ ಕಲ್ಲು ಬಂಡೆ ಮೇಲೆ ಎಳ್ಕೊಂಡು ಹೋಯ್ತು. 255 ಅಡಿ ಜಿಗಿದು ಎದ್ದು ಬಂದವನು.

ಗುಂಡ, ನಿನ್ನಂಥ ರೆಸಾರ್ಟ್ ಸ್ಕೀಯರ್‌ಗೆ ಇದರಲ್ಲಿ ಒಂದು ವಿಷ್ಯ ಇದೆ. ರೆಸಾರ್ಟ್ ತೆರೆದ ಮೇಲೆ ಸ್ಕೀ ಪ್ಯಾಟ್ರೋಲ್‌ನವ್ರು (ಗಸ್ತಿನವ್ರು) ಬೆಳಗಿನ ಜಾವ ಎದ್ದು ಬಾಂಬ್ ಹಾಕಿ ಹಿಮ ಇಳಿಸ್ತಾರೆ, ಸಾವಿರ ಜನ ಸ್ಕೀ ಮಾಡಿ ತುಳಿದು ಆ ಸಕ್ಕರೆ ಪದರನ ಪುಡಿ ಮಾಡ್ತಾರೆ. ತೆರೆಯೋಕೆ ಮುಂಚೆ ಅದೇ ಇಳಿಜಾರು ಬರೀ ಕಾಡು. ಲಿಫ್ಟ್ ಕಂಬ ಕಾಣುತ್ತೆ, ಪರಿಚಯದ ಜಾಗ ಅನ್ಸುತ್ತೆ, ಆದ್ರೆ ಯಾರೂ ಏನೂ ಮಾಡಿರಲ್ಲ.

ಕುಡ್ಲದ_ಕುವರ · ಬುಧವಾರ
ಇದೆಲ್ಲ ಓದಿ ನಂಗೆ ಅರ್ಥ ಆಗುದಿಲ್ಲ ಮಾರಾಯ್ರೆ, ಅಷ್ಟು ದುಡ್ಡು ಕೊಟ್ಟು, ಅಷ್ಟು ಚಳಿಯಲ್ಲಿ, ಗುಡ್ಡ ಹತ್ತಿ, ಪುನಃ ಅದೇ ಗುಡ್ಡ ಇಳಿಲಿಕ್ಕೆ ಜೀವ ಒತ್ತೆ ಇಡುದು ಎಂತಕ್ಕೆ? ಮನೆಯಲ್ಲಿ ಕೂತು ಗೋಳಿಬಜೆ ತಿನ್ಲಿಕ್ಕೆ ಆಗುದಿಲ್ವಾ?

ಬೋಜ್‌ಮನ್_ಅಕ್ಕ · ಬುಧವಾರ
ಕುವರ, ಗೋಳಿಬಜಿ ಇಲ್ಲಿ ಸಿಗೂದಿಲ್ಲ, ಅದ ತ್ರಾಸು.

ಗುಂಡ, ಆ ಐಸ್ ಕ್ಲೈಂಬಿಂಗ್ ಮಾತು ಯಾರೂ ಎತ್ತಿಲ್ಲ, ನಾ ಹೇಳ್ತೀನಿ, ಹನ್ನೊಂದ ವರ್ಷದಿಂದ ಅದ ನನ್ನ ಚಟ. ಐಸ್ ಎಲ್ಲಿ ಕಟ್ಟತದ? ನೀರು ಹರಿಯೂ ಕಡೆ. ನೀರು ಎಲ್ಲಿ ಹರೀತದ? ಮ್ಯಾಲಿನ ಬೋಳು ಬಟ್ಟಲೆಲ್ಲಾ ಕೂಡಿ ಸಣ್ಣ ಬಾಯಿಗೆ ಬರೂ ಕಡೆ. ಎಣ್ಣಿ ಹಾಕೂ ಲಾಳಿಕಿ ಇರ್ತದಲ್ಲ, ನಾವು ಏರೂದು ಅದರ ಕೊಳವಿಯೊಳಗ. ಮ್ಯಾಲೆ ಹಿಮ ಜಾರಿದ್ರ ಅದಕ್ಕ ಬ್ಯಾರೆ ದಾರಿ ಇಲ್ಲ. ಲಿಂಕನ್ ಫಾಲ್ಸ್ ಮ್ಯಾಲೆನೂ ಇಳಿಜಾರು ಐತಿ, ಕೆಳಗ ನಿಂತ್ರ ಕಾಣೂದಿಲ್ಲ. ನೀ ನೆರಳಾಗ ನಡುಗಿಕೋತ ನಿಂತಿರ್ತೀ, ಮ್ಯಾಲೆ ಬಿಸಿಲು ಬಿದ್ದು ಹಿಮ ಸಡಿಲ ಆಗಿರ್ತದ, ಇಲ್ಲಾ ಗಾಳಿ ತಂದು ಒಟ್ಟತಿರ್ತದ, ನಿನಗ ಗೊತ್ತ ಆಗೂದಿಲ್ಲ.

ಸ್ಕೀ ಮಾಡವ್ರಿಗೆ ಸಣ್ಣ ಅವಲಾಂಚ್ ಅಂದ್ರ ಬಿದ್ದು ಎದ್ದು ಬರಬಹುದು. ನಮಗ ಹಂಗಿಲ್ಲ. ಎರಡು ಕೊಡಲಿ ತುದಿ, ಕಾಲಾಗಿನ ನಾಕ ಮುಳ್ಳು, ಅಷ್ಟರ ಮ್ಯಾಲೆ ನಿಂತಿರ್ತೀವಿ. ಒಂದ ಗಾಡಿ ಮರಳಿನಷ್ಟು ಹಿಮ ಸಾಕು ಕೆಡವಾಕ. ನಮ್ಮ ಮೊಂಟಾನಾದ ಹಯಲೈಟ್ ಕಣಿವಿಯೊಳಗ 2009ರ ಡಿಸೆಂಬರ್‌ನ್ಯಾಗ, ಐಸ್ ಹಬ್ಬ ನಡದಾಗ, ಗೀ ಲಸೆಲ್ ಅಂತ ಕೆನಡಾದ ಭಾಳ ದೊಡ್ಡ ಕ್ಲೈಂಬರ್ ಹಂಗ ಹೋದ. ಮ್ಯಾಲಿದ್ದ ಬ್ಯಾರೆ ಕ್ಲೈಂಬರ್‌ಗಳ ಕಾಲಾಗಿಂದ ಬಿಟ್ಟ ಸಣ್ಣ ಹಿಮಕುಸಿತ. ಹುಗಿಯೂವಷ್ಟು ಇರಲಿಲ್ಲ, ತಳ್ಳೂವಷ್ಟು ಇತ್ತು. ಅದಕ್ಕ ನಾ ಮೊದಲ ನೋಡೂದು, ನಮಗಿಂತ ಮ್ಯಾಲೆ ಯಾರರ ಅದಾರೇನು? ಇದ್ರ ಬ್ಯಾರೆ ಐಸಿಗೆ ಹೋಗ್ತೀನಿ, ಎಷ್ಟ ದೂರ ನಡದ ಬಂದಿದ್ರೂ.

ಒಮ್ಮೆ ನಾ ಕೆಳಗ ನಿಂತು ಹಗ್ಗ ಹಿಡದಿದ್ದೆ. ಗೆಳತಿ ಮ್ಯಾಲೆ ಹಗ್ಗ ಸಿಗಸಾಕ ಐಸಿಗೆ ಮೂರನೇ ಸ್ಕ್ರೂ ಹಾಕಾಕತ್ತಿದ್ಲು. ಸಣ್ಣಗ ಹಿಟ್ಟು ಉದುರಿದಂಗ ಆತು, ಆಮ್ಯಾಲೆ ನಿಂತು ಹೋತು. ಇಬ್ಬರೂ ನಕ್ವಿ. ಎರಡು ನಿಮಿಷಕ್ಕ ಮತ್ತ ಉದುರಾಕ ಹತ್ತಿತು, ಈ ಸಲ ನಿಲ್ಲಲಿಲ್ಲ, ದನಿ ಬದಲಾತು, ಅಕ್ಕಿ ಸುರಿಯೂ ದನಿ ಇದ್ದದ್ದು ಜಲ್ಲಿಕಲ್ಲು ಸುರಿಯೂ ದನಿ ಆತು. ನಾ ಬಂಡಿ ಮಗ್ಗಲಿಗೆ ಅಂಟಿ ನಿಂತಿದ್ದೆ, ನಮ್ಮ ಗೈಡ್ ಹಿಂದೊಮ್ಮೆ ಬೈದು ಕಲಿಸಿದ್ದ, ‘ನೇರ ಕೆಳಗ ನಿಲ್ಲಬ್ಯಾಡ, ಮಗ್ಗಲಿಗೆ ನಿಲ್ಲು’ ಅಂತ. ನನ್ನ ಚೀಲ, ಥರ್ಮಾಸು, ಆಕಿ ಬೂಟು, ಎಲ್ಲಾ ಇದ್ದದ್ದು ನೇರ ಕೆಳಗ. ಅವನ್ನ ಏಪ್ರಿಲ್‌ನ್ಯಾಗ ಹೋಗಿ ತಂದ್ವಿ. ಆಕಿ ಸ್ಕ್ರೂಗೆ ಕ್ಲಿಪ್ ಮಾಡಿ ಮಾರಿ ಐಸಿಗೆ ಒತ್ತಿ ನಿಂತು ಉಳಕೊಂಡ್ಲು. ಕ್ಲೈಂಬಿಂಗ್ ಬೂಟಿನಾಗ ಕಾರಿನ ತನಕ ನಡದು, ಆಕಿ ಹಿಮ್ಮಡಿ ಚರ್ಮ ಪೂರ್ತಿ ಹೋಗಿತ್ತು.

ಅವತ್ತ ನಮ್ಮ ಬೀಕನ್, ಹಿಮದಾಗ ಹುಗದವ್ರನ್ನ ಹುಡುಕಾಕ ಸಿಗ್ನಲ್ ಕೊಡೂ ಯಂತ್ರ, ಎಲ್ಲಿದ್ದು ಗೊತ್ತೇನು? ಕಾರಿನಾಗ. ಭಾರ ಅಂತ. ಕಾಲು ಕೇಜಿ ಇಲ್ಲ ಅದು!! ಐಸ್ ಕ್ಲೈಂಬರ್ಸು ಎಲ್ಲಾರೂ ಹಿಂಗ, ಹದಿನಾರು ಸ್ಕ್ರೂ ಹೊರತಾರ, ಬೀಕನ್ನು ಸಲಿಕಿ ಬಿಟ್ಟು ಹೋಗ್ತಾರ.

ಬೆಂಗ್ಳೂರ್_ಚಾರಣಿಗ · ಬುಧವಾರ
ಅಕ್ಕನ ಪೋಸ್ಟ್ ಎರಡು ಸಲ ಓದಿದೆ. ‘ಜನವರಿ ಮೇಲೆ’ ಅನ್ನೋದಕ್ಕೆ ನಮ್ಮ ಕಡೆಯಿಂದ ಒಂದು ಮಾತು. ಉತ್ತರಕಾಶಿಯ ದ್ರೌಪದಿ ಕಾ ದಂಡಾ-2, 2022ರ ಅಕ್ಟೋಬರ್ 4. ನೆಹರು ಪರ್ವತಾರೋಹಣ ಸಂಸ್ಥೆಯ ಅಡ್ವಾನ್ಸ್ ಕೋರ್ಸ್ ತಂಡ ಬೆಳಗ್ಗೆ ಮೇಲೆ ಹೋಗ್ತಿದ್ದಾಗ ಹಿಮಕುಸಿತ, 29 ಜನ ಹೋದ್ರು, ಅದರಲ್ಲಿ ಇಬ್ರು ನಮ್ಮ ಬೆಂಗಳೂರಿನ ಹುಡುಗರು. ಆ ವರ್ಷ ಎವರೆಸ್ಟ್ ಮತ್ತೆ ಮಕಾಲು ಎರಡನ್ನೂ 16 ದಿನದೊಳಗೆ ಹತ್ತಿದ್ದ ಇನ್‌ಸ್ಟ್ರಕ್ಟರ್ ಸವಿತಾ ಕನ್ಸ್‌ವಾಲ್ ಕೂಡ. ಎಷ್ಟೋ ಜನರನ್ನ ಹಿಮ ಕ್ರೆವಾಸ್ (ಹಿಮನದಿಯ ಆಳದ ಬಿರುಕು) ಒಳಗೆ ತಳ್ಳಿಬಿಟ್ಟಿತ್ತು. ಅಕ್ಟೋಬರ್ ಅಂದ್ರೆ ನಮಗೆ ಟ್ರೆಕ್ಕಿಂಗ್‌ಗೆ ಹೇಳಿ ಮಾಡಿಸಿದ ತಿಂಗಳು, ಆಕಾಶ ಶುಭ್ರ, ದಸರಾ ರಜೆ. ಆದ್ರೆ 5,000 ಮೀಟರ್ ಮೇಲೆ ಮಳೆಗಾಲದಲ್ಲಿ ಬೀಳೋದೂ ಹಿಮವೇ.

ಆವತ್ತು ನನ್ನ ಫೋನಿಗೆ ಹನ್ನೆರಡು ಮಿಸ್ಡ್ ಕಾಲ್ ಇತ್ತು. ನಾನೂ ಬೆಟ್ಟಕ್ಕೆ ಹೋಗೋನು, ಅಮ್ಮನಿಗೆ ಯಾವ ಬೆಟ್ಟ ಅಂತ ನೆನಪಿರಲ್ಲ. ಆ ವಾರ ನಾನು ಇದ್ದಿದ್ದು ಸಕಲೇಶಪುರದಲ್ಲಿ.

ಮಲ್ನಾಡ್_ಮಂಜ · ಬುಧವಾರ
2024ರಲ್ಲಿ ಸಹಸ್ರತಾಲ್‌ನಲ್ಲಿ ನಮ್ಮ ಕರ್ನಾಟಕದ 9 ಜನ ಹೋದ್ರಲ್ಲ ಅದೂ ಇದೇನಾ?

ಬೆಂಗ್ಳೂರ್_ಚಾರಣಿಗ · ಬುಧವಾರ
ಅಲ್ಲ ಮಂಜಣ್ಣ, ಅದು ಜೂನ್, ಹಿಮಗಾಳಿಗೆ ಸಿಕ್ಕಿ ಚಳಿಗೆ ಹೋಗಿದ್ದು, ಹಿಮಕುಸಿತ ಅಲ್ಲ. ಈ ಗೊಂದಲಕ್ಕೆ ನಮ್ಮ ಪೇಪರ್‌ನವ್ರೂ ಕಾರಣ. ಹಿಮ ಬೀಳೋದಕ್ಕೂ ಹಿಮಪಾತ, ಗುಡ್ಡದಿಂದ ಜಾರಿ ಬರೋದಕ್ಕೂ ಹಿಮಪಾತ. ‘ಶಿಮ್ಲಾದಲ್ಲಿ ಹಿಮಪಾತ, ಪ್ರವಾಸಿಗರ ಸಂಭ್ರಮ’ ಅಂತ ಒಂದು ಪುಟ, ‘ಹಿಮಪಾತಕ್ಕೆ ನಾಲ್ವರು ಬಲಿ’ ಅಂತ ಪಕ್ಕದ ಪುಟ. ಜಾರಿ ಬರೋದಕ್ಕೆ ಹಿಮಕುಸಿತ ಅಂದ್ರೆ ಮುಗೀತು.

ಮೈಸೂರ್_ಮೇಷ್ಟ್ರು · ಬುಧವಾರ
ಹಿಮಕುಸಿತಕ್ಕೆ ನನ್ನ ಓಟು. ‘ಹಿಮಪ್ರಪಾತ’ ಅಂತಲೂ ಬರೀತಾರೆ, ಅದು ಜೋಗದ ಹಾಗೆ ಕೇಳಿಸುತ್ತೆ.

ಗುಲ್ಮಾರ್ಗ್_ಕನಸು · ಬುಧವಾರ
ಮಧ್ಯೆ ಬಂದೆ, ಕ್ಷಮಿಸಿ. ಡಿಸೆಂಬರ್ ಎರಡನೇ ವಾರ ಗುಲ್ಮಾರ್ಗ್ ಬುಕ್ ಮಾಡಿದೀನಿ, ಗೊಂಡೋಲಾ (ಕೇಬಲ್ ಕಾರ್) ಎರಡನೇ ಹಂತದಲ್ಲಿ ಅಫರ್ವಟ್ ಬೆಟ್ಟದ ಮೇಲೆ ಹೋಗಿ ಅಲ್ಲಿಂದ ಪಕ್ಕಕ್ಕೆ ಇಳಿಯೋಣ ಅಂತ. ಇದೆಲ್ಲ ಅಲ್ಲಿಗೂ ಅನ್ವಯ ಆಗುತ್ತಾ?

ಸಾಲ್ಟ್‌ಲೇಕ್_ಸುಬ್ಬು · ಬುಧವಾರ
ಆಗುತ್ತೆ. ಚಿಲ್ಲೈ ಕಲಾನ್, ಅಂದ್ರೆ ಕಾಶ್ಮೀರದ ಕಡು ಚಳಿಯ 40 ದಿನ, ಶುರುವಾಗೋದೇ ಡಿಸೆಂಬರ್ 21ಕ್ಕೆ, ಅದಕ್ಕೆ ಮುಂಚೆ ಅಲ್ಲೂ ಹಿಮ ತೆಳ್ಳಗೇ ಇರೋದು ಜಾಸ್ತಿ. ಸ್ಕೀ ಪ್ಯಾಟ್ರೋಲ್‌ನವ್ರು ನೋಡ್ಕೊಳ್ಳೋದು ಗೊಂಡೋಲಾ ಸುತ್ತಿನ ಜಾಗ ಮಾತ್ರ, ಹಗ್ಗ ದಾಟಿ ‘ಪಕ್ಕಕ್ಕೆ’ ಇಳಿದ್ರೆ ನಿನ್ನ ಜವಾಬ್ದಾರಿ ನಿನ್ನದೇ. 2023ರ ಫೆಬ್ರವರಿ 1ಕ್ಕೆ ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ರು ಸ್ಕೀಯರ್ಸ್ ಹೋದ್ರು. ಅಲ್ಲಿಯ ಹಿಮಕುಸಿತ ಎಚ್ಚರಿಕೆ ಕೊಡೋದು ಚಂಡೀಗಢದ ಡಿಜಿಆರ್‌ಇ, ಡಿಆರ್‌ಡಿಓದ ಸಂಶೋಧನಾ ಸಂಸ್ಥೆ, ಮೊದಲು ಸಾಸೆ ಅಂತಿತ್ತಲ್ಲ ಅದೇ. ಅದನ್ನ ನೋಡು, ಬೆಳಗ್ಗೆ ಪ್ಯಾಟ್ರೋಲ್‌ನವರ ಹತ್ರ ಬಾಯ್ಬಿಟ್ಟು ಕೇಳು. ಆದ್ರೆ ಫೆಬ್ರವರಿಗೆ ಟಿಕೆಟ್ ಬದಲಾಯಿಸೋಕಾದ್ರೆ ಬದಲಾಯಿಸು, ಹಿಮನೂ ಚೆನ್ನಾಗಿರುತ್ತೆ, ಡಿಸೆಂಬರಲ್ಲಿ ಅಷ್ಟು ದೂರ ಹೋಗಿ ಕಲ್ಲು ನೋಡ್ಕೊಂಡು ಬರ್ತೀಯ.

ಡೆನ್ವರ್_ಗುಂಡ · ಬುಧವಾರ ರಾತ್ರಿ
ಅಯ್ಯಪ್ಪಾ. ನಾನು ಹೌದು/ಇಲ್ಲ ಉತ್ತರ ಬರುತ್ತೆ ಅನ್ಕೊಂಡಿದ್ದೆ.

ಸುಬ್ಬು ಸರ್, ಎರಡು ಡೌಟು. ಒಂದು, ಕೊಲರಾಡೋ ಅವಲಾಂಚ್ ಸೆಂಟರ್ ಸೈಟಲ್ಲಿ ನಾಳೆಗೆ ‘ಮಾಡರೇಟ್’ ಅಂತಿದೆ, ಐದರಲ್ಲಿ ಎರಡು, ಅಂದ್ರೆ ಪರ್ವಾಗಿಲ್ಲ ತಾನೆ? ಎರಡು, ಸಕ್ಕರೆ ಹಿಮ ಇದೆಯೋ ಇಲ್ವೋ ಅಂತ ಗುಂಡಿ ತೋಡಿ ಟೆಸ್ಟ್ ಮಾಡ್ತಾರಲ್ಲ, ಅದನ್ನ ಯೂಟ್ಯೂಬ್ ನೋಡಿ ಕಲಿತು ಶನಿವಾರ ಮಾಡಿದ್ರೆ?

ಸಾಲ್ಟ್‌ಲೇಕ್_ಸುಬ್ಬು · ಬುಧವಾರ ರಾತ್ರಿ
ಐದರಲ್ಲಿ ಎರಡು ಅಂದ್ರೆ 40 ಮಾರ್ಕ್ಸ್ ಪಾಸ್ ಅಂತಲ್ಲಪ್ಪ. ಇಡೀ ಪ್ರದೇಶದಲ್ಲಿ ಕೆಲವೇ ಜಾಗದಲ್ಲಿ ಅಪಾಯ ಇದೆ ಅಂತ ಅದರ ಅರ್ಥ. ಆ ‘ಕೆಲವೇ ಜಾಗ’ ಯಾವುದು ಅಂತ ಅಲ್ಲೇ ಕೆಳಗೆ ಬರೆದಿರ್ತಾರೆ, ಬಣ್ಣ ನೋಡಿ ಬಿಟ್ಟುಬಿಡಬೇಡ, ಓದು: ಉತ್ತರ, ಪೂರ್ವ, ಮರದ ಗಡಿಯಿಂದ ಮೇಲೆ, ಗಾಳಿ ತುಂಬಿದ ಕೊರಕಲು. ಮತ್ತೆ ಮೊದಲ ಪೋಸ್ಟಿಗೆ ವಾಪಸ್ ಬಂದ್ವಿ, ನಿನಗೆ ಸ್ಕೀ ಮಾಡೋಕಾಗೋ ಜಾಗ ಅದೇ. ಸೀಸನ್ ಶುರುವಲ್ಲಿ ಬೆಟ್ಟದಿಂದ ವರದಿ ಕಳಿಸೋರೂ ಕಡಿಮೆ, ಅವರಿಗೂ ಕಣ್ಣು ಕಡಿಮೆ.

ಗುಂಡಿ ಟೆಸ್ಟ್ ಕಲಿ, ಖಂಡಿತ ಕಲಿ. ಇಳಿಜಾರಿಗೆ ಅಡ್ಡವಾಗಿ 90 ಸೆಂಟಿಮೀಟರ್ ಅಗಲ, ಗುಂಡಿ ಗೋಡೆಯಿಂದ ಹಿಂದಕ್ಕೆ 30 ಸೆಂಟಿಮೀಟರ್ ಇರೋ ಹಿಮದ ಕಂಬ ಕಡಿದು, ಒಂದು ತುದಿಲಿ ಸಲಿಕೆ ಇಟ್ಟು, ಮಣಿಕಟ್ಟಿಂದ 10 ತಟ್ಟು, ಮೊಣಕೈಯಿಂದ 10, ಭುಜದಿಂದ 10. ಬಿರುಕು ಒಂದೇ ಏಟಿಗೆ ಆ ತುದಿಯಿಂದ ಈ ತುದಿಗೆ ಓಡಿದ್ರೆ ಮನೆಗೆ ಹೋಗು. ಆದ್ರೆ ಓಡ್ಲಿಲ್ಲ ಅಂತ ಇಳಿಯೋಕೆ ಹೋಗಬೇಡ. ನವೆಂಬರಲ್ಲಿ ಹಿಮ ಒಂದೇ ಸಮ ಇರಲ್ಲ, ಇಲ್ಲಿ ಒಂದಡಿ, ಹತ್ತು ಹೆಜ್ಜೆ ಆಚೆ ಮೂರಡಿ, ನೀನು ತೋಡಿದ ಕಡೆ ಚೆನ್ನಾಗಿತ್ತು ಅಂದ್ರೆ ಆ ಗುಂಡಿಯಷ್ಟು ಜಾಗ ಚೆನ್ನಾಗಿತ್ತು ಅಂತ. ಗುಂಡಿಗಿಂತ ಇಳಿಜಾರಿನ ಅಳತೆ ನೋಡು, ಫೋನಲ್ಲೇ ಇರುತ್ತೆ. 30 ಡಿಗ್ರಿಗಿಂತ ಕಡಿಮೆ ಇರೋ ಕಡೆ ಇರು, ತಲೆ ಮೇಲೂ ಅದಕ್ಕಿಂತ ಕಡಿದಾದದ್ದು ಇರಬಾರದು. ನನ್ನ ಕಥೆಲಿ ಬಿದ್ದಿದ್ದು ಪಕ್ಕದ ದಿಬ್ಬ ಅನ್ನೋದು ಮರೀಬೇಡ.

ಇನ್ನೊಂದು, ಈ ನವೆಂಬರ್ ಸಕ್ಕರೆ ನವೆಂಬರಿಗೇ ಮುಗಿಯಲ್ಲ. 2020-21ರಲ್ಲಿ ಹೀಗೇ ಮೊದಲ ಹಿಮ ಬೇಗ ಬಿದ್ದು ಒಣ ಹವೆ ಹಿಡೀತು, ಆ ಪದರ ಅಡಿಯಲ್ಲಿ ಉಳೀತು, ಆ ಚಳಿಗಾಲ ಅಮೆರಿಕದಲ್ಲಿ 37 ಜನ ಹೋದ್ರು. ಇಲ್ಲಿ ಸಾಲ್ಟ್‌ಲೇಕ್ ಪಕ್ಕ ಮಿಲ್‌ಕ್ರೀಕ್ ಕಣಿವೆಲಿ ಫೆಬ್ರವರಿ 6ಕ್ಕೆ ಒಂದೇ ಕುಸಿತದಲ್ಲಿ ನಾಲ್ಕು ಜನ. ಆದ್ರಿಂದ ಈಗಲೇ ಹೋಗಿ ಯಾವ ಕಡೆ ಹಳೇ ಹಿಮ ಉಳಿದಿದೆ ಅಂತ ರಸ್ತೆಲಿ ನಿಂತು ಫೋಟೋ ತೆಗೆದಿಟ್ಕೋ, ಆಮೇಲೆ ಎಲ್ಲಾ ಬಿಳಿ ಆದ್ಮೇಲೆ ಗೊತ್ತಾಗಲ್ಲ. ನಾನು ಪ್ರತಿ ಅಕ್ಟೋಬರ್ ತೆಗೀತೀನಿ, ಹೆಂಡತಿ ‘ಇದೇನ್ ಫೋಟೋ, ಒಂದ್ರಲ್ಲೂ ಜನ ಇಲ್ಲ’ ಅಂತಾಳೆ.

ಪೌಡರ್_ಪ್ರತಾಪ · ಶುಕ್ರವಾರ ಸಂಜೆ
ಒಂದು ಅಪ್‌ಡೇಟ್. ಇವತ್ತು ಕೆಲಸಕ್ಕೆ ರಜೆ ಹಾಕಿ ಪಾಸ್ ಮೇಲೆ ಹೋಗಿದ್ದೆ. 3,655 ಮೀಟರ್, ನಿಲ್ಲೋಕಾಗದಷ್ಟು ಗಾಳಿ, ಕಾರ್ ಬಾಗಿಲು ತೆಗೆಯೋಕೆ ಎರಡು ಕೈ ಬೇಕಾಯ್ತು. ರೋಡ್ ಪಕ್ಕ ಒಂದು ಸಣ್ಣ ದಿಬ್ಬ, ಆಳೆತ್ತರ ಇರಬಹುದು, ಅದರ ಮೇಲೆ ಸ್ಕೀ ಹಾಕ್ಕೊಂಡು ಅಡ್ಡಕ್ಕೆ ಹೋದೆ. ಸ್ಕೀ ತುದಿಯಿಂದ ಬಿರುಕು ಗಾಜು ಒಡೆದ ಹಾಗೆ ಮುಂದೆ ಓಡ್ತು, ದಿಬ್ಬ ಪೂರ್ತಿ ಕಳಚ್ಕೊಂಡು ಕೂತ್ಕೊಳ್ತು. ಕೈಲಿ ಹಿಡ್ಕೊಂಡ್ರೆ ಅದೇ ಬನ್ಸಿ ರವೆ. ತಲೆ ಎತ್ತಿ ನಾನು ಪ್ರತಿ ವರ್ಷ ಇಳಿಯೋ ಕೊರಕಲು ನೋಡಿದೆ, ಅದರ ಪಕ್ಕದ್ದು ತಾನಾಗೇ ಇಳಿದು ನೆಲ ಕಾಣ್ತಿತ್ತು, ನಂದು ಹಾಗೇ ತುಂಬ್ಕೊಂಡು ನಿಂತಿತ್ತು.

ಇಳೀಲಿಲ್ಲ. ಫೋಟೋ ತೆಗೆದು ಅವಲಾಂಚ್ ಸೆಂಟರ್‌ಗೆ ವರದಿ ಕಳಿಸ್ದೆ, ಆರು ವರ್ಷದಲ್ಲಿ ಮೊದಲ ಸಲ. ಅಕ್ಕ, ಹಳಿ ವಿಷ್ಯ ನೆನಪಾಯ್ತು.

ಬೋಜ್‌ಮನ್_ಅಕ್ಕ · ಶುಕ್ರವಾರ ರಾತ್ರಿ
ಛೊಲೋ ಮಾಡಿದಿ ತಮ್ಮಾ. ಗುಂಡ, ನಿನ್ನ ಬೀಕನ್ ಸುದ್ದಿ ಏನು? ತಗೊಂಡದ್ದ ಬರದೀ ಇಲ್ಲ ನೀ.

ಡೆನ್ವರ್_ಗುಂಡ · ಶುಕ್ರವಾರ ರಾತ್ರಿ
ಅಕ್ಕ ಅದೇ ಹೇಳೋಣ ಅಂತ ಬಂದೆ, ನಾಚಿಕೆ ಆಗ್ತಿದೆ. ಸೆಕೆಂಡ್‌ಹ್ಯಾಂಡ್ ಬೀಕನ್ ಹೋದ ವರ್ಷನೇ ತಗೊಂಡಿದ್ದೆ, ಡಬ್ಬ ಇವತ್ತು ತೆಗೆದೆ. ಹಳೇ ಬ್ಯಾಟರಿ ಒಳಗೇ ಬಿಟ್ಟಿದಾರೆ, ಸೋರಿ ಹಸಿರು ಕಟ್ಟಿದೆ, ಆನ್ ಆಗ್ತಿಲ್ಲ. ಗೆಳೆಯಂದು ಆನ್ ಆಯ್ತು, ಆದ್ರೆ ಅವನಿಗೆ ಹುಡುಕೋ ಮೋಡ್‌ಗೆ ಹಾಕೋದು ಹೇಗೆ ಅಂತ ಗೊತ್ತಿಲ್ಲ. ಅವನ ತಮ್ಮನ ಹತ್ರ ಬೀಕನ್ನೇ ಇಲ್ಲ. ನಾಳೆ, ನಾಳಿದ್ದು ಹೀಗೇ ಹೊರಟಿದ್ವಿ.

ನಾಳೆ ಕ್ಯಾನ್ಸಲ್. ರೆಸಾರ್ಟ್‌ಗೆ ಹೋಗ್ತೀವಿ, ಮೆಶಿನ್ ಹಿಮದ ಒಂದೇ ಒಂದು ಪಟ್ಟಿ ತೆರೆದಿದಾರೆ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಥರ ಜನ ಇರ್ತಾರೆ, ಇರ್ಲಿ. ತಮ್ಮನಿಗೂ ಲಿಂಕನ್ ಫಾಲ್ಸ್ ಬೇಡ ಅಂದ್ವಿ, ಸಿಟ್ಟಾಗಿದಾನೆ, ಅಕ್ಕನ ಪೋಸ್ಟ್ ಇಂಗ್ಲಿಷಲ್ಲಿ ಓದಿ ಹೇಳಿದ್ಮೇಲೆ ಸುಮ್ನಾದ. ನೀರು ಬಿಟ್ಟು ಐಸ್ ಕಟ್ಟಿಸೋ ಯೂರೇ ಐಸ್ ಪಾರ್ಕ್ ತೆರೆಯೋ ತನಕ ಕಾಯ್ತಾನಂತೆ.

ಡೆನ್ವರ್_ಗುಂಡ · ಭಾನುವಾರ ರಾತ್ರಿ
ಹೊಸ ಬೀಕನ್ ತಗೊಂಡೆ, ಎರಡು. ಇವತ್ತು ಮನೆ ಪಕ್ಕದ ಪಾರ್ಕಲ್ಲಿ ಪ್ರಾಕ್ಟೀಸ್. ಮನೆಯವಳು ಒಂದು ಬೀಕನ್ನ ಟಿಫಿನ್ ಬ್ಯಾಗಲ್ಲಿ ಹಾಕಿ ಒಣ ಎಲೆ ರಾಶಿಯೊಳಗೆ ಬಚ್ಚಿಟ್ಲು, ನಾವು ಹುಡುಕಬೇಕು. ಮೊದಲ ಸಲ 11 ನಿಮಿಷ! ಫೋನ್ ಅದೇ ಜೇಬಲ್ಲಿತ್ತು, ಅದಕ್ಕೆ ಬಾಣ ಹುಚ್ಚುಚ್ಚಾಗಿ ತಿರುಗ್ತಿತ್ತು, ಅದು ಗೊತ್ತಾಗೋಕೇ ಐದು ನಿಮಿಷ ಹೋಯ್ತು. ಮೂರನೇ ಸಲ 4 ನಿಮಿಷಕ್ಕೆ ಬಂತು. ನಾಯಿ ವಾಕ್ ಮಾಡಿಸ್ತಿದ್ದ ಅಜ್ಜಿ ಒಬ್ರು ಏನ್ ಕಳ್ಕೊಂಡ್ರಿ ಅಂತ ಕೇಳಿದ್ರು, ಬ್ಯಾಗಿನ ಚಿತ್ರಾನ್ನ ಅಂದ್ಲು ಮನೆಯವಳು.

ಸಾಲ್ಟ್‌ಲೇಕ್_ಸುಬ್ಬು · ಭಾನುವಾರ ರಾತ್ರಿ
ಹುಡುಕುವಾಗ ಫೋನ್ ಕನಿಷ್ಠ ಅರ್ಧ ಮೀಟರ್ ದೂರ, ಇಲ್ಲಾ ಆಫ್. ಮೊದಲ 10-15 ನಿಮಿಷದೊಳಗೆ ಹೊರಗೆ ತೆಗೆದ್ರೆ ಬದುಕೋರೇ ಜಾಸ್ತಿ, ಅರ್ಧ ಗಂಟೆ ದಾಟಿದ್ರೆ ಮೂರರಲ್ಲಿ ಒಬ್ರು. ನಾಲ್ಕು ನಿಮಿಷ ಒಳ್ಳೇದು.

ಬೋಜ್‌ಮನ್_ಅಕ್ಕ · ಭಾನುವಾರ ರಾತ್ರಿ
ನಾಕ ನಿಮಿಷ ಹುಡುಕಾಕ ಆತು. ಅಗಿಯಾಕ ಎಷ್ಟಾತು?

ಡೆನ್ವರ್_ಗುಂಡ · ಭಾನುವಾರ ರಾತ್ರಿ
ಅಗೆದಿಲ್ಲ ಅಕ್ಕ, ಎಲೆ ಅಲ್ವಾ, ಕೈಲೇ ಸರಿಸಿದ್ವಿ.

ಬೋಜ್‌ಮನ್_ಅಕ್ಕ · ಭಾನುವಾರ ರಾತ್ರಿ
ಊರಾಗ ಹಿಮ ಬಿದ್ದ ಮರುದಿನ, ರಸ್ತೆ ಬದಿಗೆ ಪ್ಲೋ ಗಾಡಿ ಗುಡ್ಡಿ ಹಾಕಿ ಹೋಗಿರ್ತದಲ್ಲ, ಅದರಾಗ ಒಂದ ಮೀಟರ್ ಕೆಳಗ ಆ ಟಿಫಿನ್ ಚೀಲ ಹುಗದು ಸಲಿಕಿ ತಗೊಂಡು ತಗಿ. ಟೈಮ್ ನೋಡಿ ಇಲ್ಲಿ ಬರಿ. ಚಿತ್ರಾನ್ನ ಮಾತ್ರ ಮೊದಲ ತಿಂದ ಬಿಡ್ರಿ.